ಕ್ರ್ಯಾಶ್ ಅಂದ್ರೆ ಎಂತ?

ಮೇ ತಿಂಗಳ ಚೆನ್ನೈಯಲ್ಲಿ ಫ್ಯಾನಿನ ಕೆಳಗೆ ಮಲಗದ ಮನುಷ್ಯ ಅಂತ ಯಾರಾದರೂ ಇದ್ದರೆ ಅದು ನಮ್ಮ ಪದ್ಮನಾಭ ಶೇರಿಗಾರರು. ನುಂಗಂಬಾಕ್ಕಂನ ಅವರ ಮನೆಯಲ್ಲಿ ಫ್ಯಾನು ಹಾಲಿನ ನಡುಮಧ್ಯೆ, ಅವರ ಮಂಚ ಮೂಲೆಯ ಗೋಡೆಗೆ. ಗಾಳಿ ಒಂದು ಕಡೆ ಬೀಸುತ್ತಿತ್ತು, ಅವರು ಇನ್ನೊಂದು ಕಡೆ ಬೆವರುತ್ತಿದ್ದರು. ಮಂಚವನ್ನು ಸ್ವಲ್ಪ ಈಚೆ ಎಳೆಯೋಣವೇ ಅಂದರೆ, "ಫ್ಯಾನ್ ಬೀಳುದಿಲ್ಲ ಅಂತ ನಿನಗೆ ಯಾರು ಬರ್ದು ಕೊಟ್ಟಿದ್ದಾರೆ ಮಾರಾಯ್ತಿ? ಬಿದ್ದದ್ದರ ಫೈಲು ನನ್ನ ಕೈಯಲ್ಲೇ ದಾಟಿ ಹೋಗಿದೆ," ಎನ್ನುತ್ತಿದ್ದರು.

ಉಡುಪಿ ಕಡೆಯವರು. ಹುಡುಗರಾಗಿದ್ದಾಗಲೇ ಚೆನ್ನೈಗೆ ಬಂದು, ಒಂದು ವಿಮಾ ಕಚೇರಿಗೆ ಸೇರಿ, ನಿವೃತ್ತಿಯಾಗುವವರೆಗೂ ಅಪಘಾತದ ಕಾಗದಗಳನ್ನೇ ಓದಿದವರು. ಲೋಕದ ಒಂದೊಂದು ವಸ್ತುವೂ ಅವರಿಗೆ ಗೊತ್ತಿದ್ದದ್ದು ಅದು ಯಾರನ್ನು ಹೇಗೆ ಕೊಂದಿತು ಎಂಬುದರಿಂದಲೇ. ಕುಕ್ಕರು, ತೆಂಗಿನಮರ, ಲಿಫ್ಟು, ಒದ್ದೆ ಬಚ್ಚಲು, ಬಾಗಿಲಿಲ್ಲದೆ ಓಡುವ ಎಲೆಕ್ಟ್ರಿಕ್ ರೈಲು. ರಸ್ತೆಯಲ್ಲಿ ನಡೆಯುವಾಗ ಫೋನ್ ರಿಂಗಾದರೆ ಗಮನ ತಪ್ಪೀತೆಂದು ಮನೆಯ ಮೆಟ್ಟಿಲು ಇಳಿಯುವ ಮೊದಲೇ ಅದನ್ನು ಆಫ್ ಮಾಡಿ ಒಳಕಿಸೆಗೆ ಹಾಕಿಕೊಳ್ಳುತ್ತಿದ್ದರು. ಮೇಲಿನ ಕಿಸೆಯಲ್ಲಿ ಒಂದು ಚೀಟಿ. ಅದರಲ್ಲಿ ಹೆಸರು, ವಿಳಾಸ, ರಕ್ತದ ಗುಂಪು, ಹೆಂಡತಿಯ ನಂಬರು. ತಮಿಳು, ಇಂಗ್ಲಿಷ್, ಕನ್ನಡ ಮೂರರಲ್ಲೂ.

"ಕನ್ನಡದಲ್ಲಿ ಯಾಕೆ ಮಾಮ? ಇಲ್ಲಿ ಯಾರು ಓದ್ತಾರೆ?" ಎಂದು ಕೇಳಿದ್ದೆ.

"ಬಿದ್ದವನನ್ನು ಎತ್ತುವವ ನಮ್ಮ ಊರಿನವನೇ ಆಗಿದ್ರೆ?"

ನಾನು ವಿನುತಾ, ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದವಳು. ಚಿತ್ರದುರ್ಗದ ಕಡೆಯವಳು, ಬಾಯಿ ಸ್ವಲ್ಪ ಜೋರು. ಅವರ ಹೆಂಡತಿ ಸುಮತಿಯಕ್ಕ ಹುಟ್ಟಿದ್ದೇ ಇಲ್ಲಿಯ ಎಗ್ಮೋರಿನಲ್ಲಿ. ಅವರ ತಂದೆ ಅಲ್ಲಿಯ ಉಡುಪಿ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರಂತೆ. ಓದಿದ್ದು ತಮಿಳಿನಲ್ಲಿ, ಅದೂ ಎಂಟನೆಯವರೆಗೆ. ಅವರ ಕನ್ನಡದಲ್ಲಿ ಎರಡು ಮಾತಿಗೊಂದು ತಮಿಳು ನುಗ್ಗುತ್ತಿತ್ತು. ಗಂಡನಿಗೆ ಮಾಮ, ಹೆಂಡತಿಗೆ ಅಕ್ಕ, ಇದು ಯಾವ ಊರಿನ ಲೆಕ್ಕ ಎಂದು ನನ್ನ ತಾಯಿ ನಗುತ್ತಿದ್ದರು. ಬಾಯಿಗೆ ಹಾಗೆ ಬಂತು, ಹಾಗೇ ಉಳಿಯಿತು.

ನನ್ನ ಕೆಲಸ ಸಬ್‌ಟೈಟಲ್ ಬರೆಯುವುದು. ಇಂಗ್ಲಿಷ್ ಸಿನಿಮಾ, ಸರಣಿಗಳಲ್ಲಿ ಜನ ಆಡುವ ಮಾತನ್ನು ಪರದೆಯ ಕೆಳಗೆ ಎರಡು ಸಾಲಿನ ಕನ್ನಡದಲ್ಲಿ ಹಿಡಿಸಬೇಕು. ಪುಸ್ತಕದ ಇಂಗ್ಲಿಷ್ ಕಷ್ಟವಲ್ಲ. ಬೀದಿಯ ಇಂಗ್ಲಿಷ್, ಹುಡುಗರ ಇಂಗ್ಲಿಷ್ ಇದೆಯಲ್ಲ, ಅದು ಜೀವ ತಿನ್ನುತ್ತದೆ. ಸಿಕ್ಕಿಹಾಕಿಕೊಂಡಾಗಲೆಲ್ಲ ಕೆಳಗಿಳಿದು ಶೇರಿಗಾರ್ ಮಾಮನ ಎದುರು ಕೂರುತ್ತಿದ್ದೆ. ಕನ್ನಡದ ಮಾತು ಅವರಲ್ಲಿ ರಾಶಿ ಇತ್ತು. ಆದರೆ ಇಂಗ್ಲಿಷಿನ ಈ ಪಡ್ಡೆಮಾತು ಕಂಡರೆ ಅವರಿಗೆ ಕೈಕಾಲು ತಣ್ಣಗಾಗುತ್ತಿತ್ತು. ಜೋಕು ಕೇಳಿದ ಹುಡುಗಿ ನಗುತ್ತ "ಐಯಾಮ್ ಡೆಡ್" ಅನ್ನುತ್ತಾಳೆ ಅಂದರೆ, "ಛೆ ಛೆ, ಬಿಡ್ತು ಅನ್ನು" ಎಂದು ಎದ್ದೇ ನಿಲ್ಲುತ್ತಿದ್ದರು. ಚೆನ್ನಾಗಿ ಹಾಡಿದವನಿಗೆ "ಯು ಕಿಲ್ಡ್ ಇಟ್" ಅನ್ನುತ್ತಾರೆ ಅಂದರೆ, "ಇವರಿಗೆ ಹೊಗಳ್ಲಿಕ್ಕೂ ಕೊಲ್ಲುವ ಮಾತೇ ಬೇಕಾ?" ಎಂದು ನನ್ನನ್ನೇ ಗದರುತ್ತಿದ್ದರು. ನಾನು ಬೇಕೆಂದೇ ಇಂಥವನ್ನು ಹೊತ್ತು ತರುತ್ತಿದ್ದೆ. ಅವರನ್ನು ಹೆದರಿಸುವುದು ಆ ಕಾಲದಲ್ಲಿ ನನಗೆ ಆಟವಾಗಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಾತಿನ ಮೇಲೆ ಅವರಿಗೆ ಆ ಹೆದರಿಕೆ ಹುಟ್ಟಿಸಿದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಂದ ಒಂದು ಕಾಗದ. ಲಾರಿ ಮಾಲೀಕರೊಬ್ಬರು ಇಂಗ್ಲಿಷಿನಲ್ಲಿ ಬರೆದಿದ್ದರು, ಅಪಘಾತದ ದಿನಕ್ಕೆ ಡ್ರೈವರ್ ಎಕ್ಸ್‌ಪೈರ್ ಆಗಿ ಎರಡು ವಾರವಾಗಿತ್ತು ಎಂದು. ಅವಧಿ ಮುಗಿದದ್ದು ಡ್ರೈವರನ ಲೈಸೆನ್ಸು. ಆ ಪದವೊಂದು ಕಾಗದದಲ್ಲಿ ಬಿಟ್ಟುಹೋಗಿತ್ತು. ಮಾಮ ಮಧ್ಯಾಹ್ನವಿಡೀ ಅದನ್ನು ಹಿಡಿದು ಕೂತರಂತೆ. ಸತ್ತು ಎರಡು ವಾರವಾದವನು ಲಾರಿ ಓಡಿಸಿದ್ದು ಹೇಗೆ? ಮೇಲಿನವರನ್ನು ಕೇಳಲು ಸಂಕೋಚ. ಮೂರನೆಯ ದಿನ ಸಹಿ ಹಾಕಲು ಆ ಡ್ರೈವರನೇ ಬಂದು ಎದುರು ನಿಂತು ತನ್ನ ಹೆಸರು ಹೇಳಿದ. ಮಾಮ ಕುರ್ಚಿ ಬಿಟ್ಟು ಕಪಾಟಿನ ಹಿಂದೆ ಹೋಗಿ ನಿಂತರಂತೆ.

"ನೀನು ನಗು. ನಾನು ಆವತ್ತು ನಗ್ಲಿಲ್ಲ," ಎನ್ನುತ್ತಿದ್ದರು. "ಒಂದು ಮಾತಿಗೆ ಒಂದೇ ಅರ್ಥ ಇರ್ಬೇಕು ಮಗಾ. ಎರಡಿದ್ರೆ ಒಂದು ಮನುಷ್ಯನನ್ನು ಕೊಲ್ತದೆ."

ನಾನು ಸ್ಕೂಟರ್ ಹತ್ತಿದರೆ ಅವರು ಗೇಟಿನವರೆಗೆ ಬರುತ್ತಿದ್ದರು. "ಮುಟ್ಟಿದ ಮೇಲೆ ಹೇಳು." ಪ್ರತಿ ಸಲವೂ ಇದೊಂದೇ ಮಾತು. ನಾನು ಮೆಸೇಜು ಹಾಕುತ್ತಿದ್ದೆ. ಹಾಕುತ್ತಿದ್ದದ್ದು ಇಂಗ್ಲಿಷಿನಲ್ಲಿ. ದಿನವಿಡೀ ಕನ್ನಡ ಬರೆದೇ ಅನ್ನ ತಿನ್ನುವವಳಿಗೆ ಫೋನಿನಲ್ಲಿ ಮಾತ್ರ ಕನ್ನಡ ಟೈಪ್ ಮಾಡಲು ಸೋಮಾರಿತನ.

ಹೀಗಿರುವಾಗ ಒಂದು ಶನಿವಾರ ನಾನು ಎಣ್ಣೂರಿಗೆ ಹೋದೆ. ಆಫೀಸಿನಲ್ಲಿ ತಮಿಳು ಸಬ್‌ಟೈಟಲ್ ಬರೆಯುವ ಜೆಸಿಂತಾಳ ಮನೆ ಅಲ್ಲಿಯ ಮೀನುಗಾರರ ಕೇರಿಯಲ್ಲಿ. ಅವಳ ತಂಗಿಯ ನಿಶ್ಚಿತಾರ್ಥ. ಎಣ್ಣೂರಿನ ರಸ್ತೆ ಗೊತ್ತಿದ್ದವರಿಗೆ ಗೊತ್ತು: ಒಂದು ಕಡೆ ಸಮುದ್ರ, ದೂರದಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳು, ರಸ್ತೆಯುದ್ದಕ್ಕೂ ಬಂದರಿನ ಕಂಟೇನರ್ ಲಾರಿಗಳು. ಅವುಗಳ ಪಕ್ಕದಲ್ಲಿ ಸ್ಕೂಟರು ಇದೆಯೋ ಇಲ್ಲವೋ ಎಂದು ಮೇಲೆ ಕೂತ ಡ್ರೈವರನಿಗೆ ಕಾಣುವುದೂ ಇಲ್ಲ. ಊಟ ಮುಗಿಯುವಾಗ ತಡವಾಯಿತು. ಜೆಸಿಂತಾಳ ತಾಯಿ ಬಿಡಲಿಲ್ಲ, ಅಲ್ಲೇ ಮಲಗಿದೆ, ಮನೆಗೆ ತಿಳಿಸುವುದು ಮರೆತೇಹೋಯಿತು. ಬೆಳಿಗ್ಗೆ ಆರಕ್ಕೆ ಎಚ್ಚರವಾದಾಗ ಫೋನಿನ ಬ್ಯಾಟರಿ ಮುಗಿಯುತ್ತ ಬಂದಿತ್ತು, ಕೇರಿಯಲ್ಲಿ ಕರೆಂಟು ಹೋಗಿತ್ತು. ಅರೆನಿದ್ದೆಯಲ್ಲಿ ಮಾಮನಿಗೆ ಬರೆದೆ: "ಕ್ರ್ಯಾಶ್ಡ್ ಅಟ್ ಎಣ್ಣೂರ್. ಫೋನ್ ಡೈಯಿಂಗ್. ಡೋಂಟ್ ವೇಟ್."

ನಮ್ಮ ವಯಸ್ಸಿನವರ ಇಂಗ್ಲಿಷಿನಲ್ಲಿ ಕ್ರ್ಯಾಶ್ ಆಗುವುದೆಂದರೆ ದಣಿದು ಸಿಕ್ಕಿದಲ್ಲಿ ಮಲಗಿಬಿಡುವುದು. ಎಣ್ಣೂರಿನಲ್ಲೇ ಮಲಗಿದೆ, ಫೋನಿನ ಚಾರ್ಜು ಮುಗಿಯುತ್ತಿದೆ, ತಿಂಡಿಗೆ ಕಾಯಬೇಡಿ ಎಂದು ನಾನು ಹೇಳಿದ್ದು. ಬರೆದು, ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋದೆ.

ಮಧ್ಯಾಹ್ನ ಎರಡಕ್ಕೆ ಮನೆ ತಲುಪಿದಾಗ ಬಾಗಿಲು ಹಾರುಹೊಡೆದಿತ್ತು. ಹಾಲಿನ ನೆಲದ ಮೇಲೆ ಸುಮತಿಯಕ್ಕ ಕೂತಿದ್ದರು, ಸುತ್ತ ಪಕ್ಕದ ಮನೆಯ ಹೆಂಗಸರು. ನನ್ನನ್ನು ಕಂಡ ಕೂಡಲೇ ಅವರು ಕಿರುಚಿದ ಕಿರುಚು ಇವತ್ತಿಗೂ ನನ್ನ ಕಿವಿಯಲ್ಲಿದೆ. ಎದ್ದು ಬಂದವರೇ ನನ್ನ ಕೆನ್ನೆ, ಕೈ, ಮೊಣಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದರು.

"ಎಲ್ಲಿ ಪೆಟ್ಟು? ಎಲ್ಲಿಯಮ್ಮಾ ಪೆಟ್ಟು?"

"ಯಾವ ಪೆಟ್ಟು ಅಕ್ಕಾ?"

"ಆಕ್ಸಿಡೆಂಟ್ ಅಂತ ನೀನೇ ಬರೆದಿದ್ದೀಯಲ್ಲ! ಅವರು ಬೆಳಿಗ್ಗೆ ಏಳಕ್ಕೇ ಹೋದ್ರು, ನಿನ್ನ ತೇಡಿಕೊಂಡು."

ನನ್ನ ಫೋನನ್ನು ಚಾರ್ಜಿಗೆ ಹಾಕಿದೆ. ಮಾಮನ ಫೋನಿಗೆ ಹಚ್ಚಿದೆ. ಆಫ್ ಆಗಿತ್ತು. ಆಫ್ ಆಗಿರಲೇಬೇಕಲ್ಲ, ಅವರು ರಸ್ತೆಯಲ್ಲಿದ್ದರು. ಫ್ಯಾನಿಗೆ ಹೆದರುವ ಮನುಷ್ಯ, ಎಲೆಕ್ಟ್ರಿಕ್ ರೈಲು ಹತ್ತದ ಮನುಷ್ಯ, ಏಳು ಗಂಟೆಗಳಿಂದ ಆ ಕಂಟೇನರ್ ಲಾರಿಗಳ ರಸ್ತೆಯಲ್ಲಿ ಒಬ್ಬರೇ ನಡೆಯುತ್ತಿದ್ದರು. ಇಷ್ಟು ದಿನ ಅವರಿಂದ ಕೇಳಿ ನಕ್ಕ ಒಂದೊಂದು ಅಪಘಾತವೂ ಆಗ ನನ್ನ ಕಣ್ಣೆದುರು ಅವರಿಗೇ ಆಗತೊಡಗಿತು. ನಾನು ಮತ್ತೆ ಸ್ಕೂಟರ್ ತೆಗೆಯಲು ಹೋದರೆ ಸುಮತಿಯಕ್ಕ ಕೀಲಿ ಕಸಿದುಕೊಂಡರು. "ಬೇಡ. ಒಬ್ಬರು ಹೋದದ್ದು ಪೋದುಮ್, ಸಾಕು." ಜೆಸಿಂತಾಳಿಗೆ ಫೋನ್ ಮಾಡಿದೆ, ಅವಳ ಅಣ್ಣ ರಸ್ತೆಯಲ್ಲಿ ಹುಡುಕಲು ಹೊರಟ. ಎರಡು ಗಂಟೆಗಳ ಕಾಲ ನಾವಿಬ್ಬರೂ ಗೇಟಿನಲ್ಲಿ ನಿಂತೆವು. ದೂರದಿಂದ ಫೋನ್ ಬಂದರೆ ಎತ್ತಲು ಭಯ, ಬಾರದಿದ್ದರೆ ಇನ್ನೂ ಭಯ.

ನಾಲ್ಕು ಗಂಟೆಗೆ ಒಂದು ಆಟೋ ಬಂದು ನಿಂತಿತು. ಮಾಮ ಇಳಿದರು. ಅಂಗಿ ಬೆವರಿನಲ್ಲಿ ಅಂಟಿಕೊಂಡಿತ್ತು, ಚಪ್ಪಲಿಯ ಮೇಲೆಲ್ಲ ಬೂದಿಬಣ್ಣದ ಧೂಳು. ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿ ಎಂದು ಬೇಡಿಕೊಂಡೆ. ಅವರು ಹತ್ತಿರ ಬಂದು ನನ್ನ ಪಾದಗಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದು ಕೂತರು.

ಅಂದು ನಡೆದದ್ದನ್ನು ಅವರು ಬಿಟ್ಟು ಬಿಟ್ಟು ಹೇಳಿದರು. ಬೀಚ್ ಸ್ಟೇಷನ್ನಿನವರೆಗೆ ಒಂದು ರೈಲು, ಅಲ್ಲಿಂದ ಎಣ್ಣೂರಿಗೆ ಇನ್ನೊಂದು. ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕಂಬಿ ಹಿಡಿದು ನಿಂತಿದ್ದರಂತೆ. ಅಲ್ಲಿ ಇಳಿದು ಪೊಲೀಸ್ ಠಾಣೆಗೆ ಹೋದರೆ, ಅಂದು ಬೆಳಿಗ್ಗೆ ಸ್ಕೂಟರಿನಲ್ಲಿದ್ದ ಹುಡುಗಿಯೊಬ್ಬಳಿಗೆ ಲಾರಿ ಬಡಿದಿದೆ, ಹೆಸರು ಗೊತ್ತಾಗಿಲ್ಲ, ಶವ ಸರ್ಕಾರಿ ಆಸ್ಪತ್ರೆಯಲ್ಲಿದೆ ಅಂದರು. ಮಾಮ ಆಸ್ಪತ್ರೆಗೆ ಹೋದರು. ಬದುಕಿಡೀ ಸಾವಿನ ಕಾಗದ ಓದಿದವರು ಶವಾಗಾರದ ಬಾಗಿಲು ಕಂಡದ್ದು ಅದೇ ಮೊದಲು.

"ಅಲ್ಲಿ ಒಬ್ಬ ಇದ್ದ. ‘ಉಂಗ ಪೊಣ್ಣಾ?’ ಅಂತ ಕೇಳಿದ. ನಿಮ್ಮ ಮಗಳಾ ಅಂತ. ನಾನು ‘ಆಮಾ’ ಅಂದೆ. ಹೌದು ಅಂತ. ಇಲ್ಲದಿದ್ರೆ ಒಳಗೆ ಬಿಡ್ತಿರ್ಲಿಲ್ಲ," ಎಂದು ಯಾವುದೋ ತಪ್ಪು ಒಪ್ಪಿಕೊಳ್ಳುವವರಂತೆ ಹೇಳಿದರು. "ಮೊದ್ಲು ಕಾಲು ಕಂಡಿತು. ಕಾಲಲ್ಲಿ ಗೆಜ್ಜೆ ಇತ್ತು. ನೀನು ಗೆಜ್ಜೆ ಹಾಕುದುಂಟಾ, ಇಲ್ವಾ? ಎಷ್ಟು ಯೋಚನೆ ಮಾಡಿದ್ರೂ ನೆನಪೇ ಆಗ್ಲಿಲ್ಲ ಮಗಾ. ದಿನಾ ನೋಡ್ತೇನೆ, ನೆನಪಿಲ್ಲ. ಮತ್ತೆ ಮುಖ ನೋಡ್ಲೇಬೇಕಾಯ್ತು."

ನಾನು ಗೆಜ್ಜೆ ಹಾಕುವವಳಲ್ಲ. ಅದು ನಾನಲ್ಲವೆಂದು ಕಂಡ ಮೇಲೂ ಅವರು ಅಲ್ಲಿಯ ಉಳಿದ ಆಸ್ಪತ್ರೆಗಳನ್ನೆಲ್ಲ ಸುತ್ತಿ, ಎಲ್ಲೂ ಸಿಗದೆ ಮನೆಗೆ ಬಂದಿದ್ದರು.

ಕಾಫಿ ಕುಡಿದ ಮೇಲೆ ಅವರು ಫೋನ್ ಆನ್ ಮಾಡಿ ನನ್ನ ಮೆಸೇಜನ್ನು ತೆರೆದು ನನ್ನ ಮುಂದಿಟ್ಟರು. "ಈಗ ಹೇಳು. ಕ್ರ್ಯಾಶ್ ಅಂದ್ರೆ ಎಂತ?"

"ಮಲಗೋದು, ಮಾಮ."

"ಮಲಗೋದಕ್ಕೆ ಕ್ರ್ಯಾಶ್ ಅಂತ ಯಾರು ಹೇಳಿದ್ದು? ಯಾವಾಗ ಹೇಳಿದ್ದು? ಎಲ್ಲ ಹೇಳು. ನನಗೆ ತಿಳೀಬೇಕು."

ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಮೊದಲು ಅದು ಬರೀ ಸದ್ದು. ನಮ್ಮಲ್ಲಿ ಧಡಾರ್ ಅನ್ನುವ ಹಾಗೆ, ಏನಾದರೂ ಮುರಿದುಬಿದ್ದಾಗಿನ ಸದ್ದು. ಆಮೇಲೆ ವಿಮಾನಗಳು ಬಂದವು, ಬಿದ್ದವು, ಬೀಳುವುದಕ್ಕೇ ಆ ಹೆಸರಾಯಿತು. ಮಹಾಯುದ್ಧದ ಕಾಲದಲ್ಲಿ ಸೈನಿಕರು, ಅದರಲ್ಲೂ ವಿಮಾನದಳದ ಹುಡುಗರು, ದಣಿದು ಬಂದು ಹಾಸಿಗೆಗೆ ಬೀಳುವುದನ್ನು ತಮಾಷೆಗೆ ಹಾಗೆ ಕರೆಯತೊಡಗಿದರಂತೆ. ಮುಂದೆ ಊರೂರು ಅಲೆಯುವ ಹುಡುಗ ಹುಡುಗಿಯರು ಯಾರದೋ ಮನೆಯಲ್ಲಿ ರಾತ್ರಿ ಕಳೆಯುವುದಕ್ಕೆ ಅದನ್ನೇ ಬಳಸಿದರು. ಅಲ್ಲಿಂದ ನಮ್ಮ ಬಾಯಿಗೆ.

ಮಾಮ ಕೈಕಟ್ಟಿ ಪಾಠದ ಹಾಗೆ ಕೇಳಿದರು. "ನಾಳೆ ವಿಮಾನದಲ್ಲಿ ಸಾಯಬೇಕಾದ ಮಕ್ಕಳು," ಅಂದರು. "ಹೆದರಿಕೆಗೆ ಹಾಗೆ ಹೇಳಿಕೊಂಡದ್ದು ಅವು. ಸಾಯುವ ಮಾತನ್ನೇ ಮಲಗ್ಲಿಕ್ಕೆ ಇಟ್ಕೊಂಡ್ರೆ ಸಾವು ಸಣ್ಣದಾಗ್ತದೆ ಅಂತ." ಆಮೇಲೆ ಕೇಳಿದರು, "ಹಾಗಾದ್ರೆ ಟ್ಯುಟೋರಿಯಲ್ ಬೋರ್ಡಿನಲ್ಲಿ ಕ್ರ್ಯಾಶ್ ಕೋರ್ಸ್ ಅಂತ ಉಂಟಲ್ಲ, ಅಲ್ಲಿ ಮಲಗುದಾ?" ಸುಮತಿಯಕ್ಕನಿಗೆ ನಗು ತಡೆಯಲಾಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

"ಅಳ್ಬೇಡ. ನಮ್ಮಲ್ಲೂ ಅದೇ ಮಾತು ಉಂಟಲ್ಲ. ‘ರಾತ್ರಿ ಅಲ್ಲೇ ಬಿದ್ಕೊಂಡೆ’ ಅಂತ ಹೇಳುದಿಲ್ವಾ? ಹಾಗೆ ಬರೆದಿದ್ರೆ ನಾನು ಬೈದು ಇನ್ನೊಂದು ದೋಸೆ ತಿಂತಿದ್ದೆ." ಅಷ್ಟು ಹೇಳಿ ಮುಖ ಆಚೆ ತಿರುಗಿಸಿದರು. "ಒಂದು ವಿಷಯ ನಿನಗೆ ಹೇಳ್ಬೇಕು. ಆ ಬಟ್ಟೆ ಸರಿಸಿದಾಗ, ಅದು ನೀನಲ್ಲ ಅಂತ ಕಂಡಾಗ, ನನಗೆ ಸಂತೋಷ ಆಯ್ತು. ಎಷ್ಟು ಸಂತೋಷ ಅಂದ್ರೆ ನಗು ಬಂತು. ಆ ಹುಡುಗಿಯ ಮುಂದೆ ನಿಂತು ನಾನು ನಕ್ಕಿದ್ದೇನೆ. ಅದಕ್ಕೂ ಒಬ್ಬ ಅಪ್ಪ ಇರ್ತಾನಲ್ವಾ?"

ಮರುದಿನ ಅವರು ಆಸ್ಪತ್ರೆಗೆ ಫೋನ್ ಮಾಡಿದರು, ಅದರ ಮರುದಿನವೂ ಮಾಡಿದರು. ಮೂರನೆಯ ದಿನ, ಮನೆಯವರು ಬಂದು ಶವ ತೆಗೆದುಕೊಂಡು ಹೋದರು ಎಂಬ ಉತ್ತರ ಬಂತು. ಯಾವ ಊರು, ಏನು ಹೆಸರು ಎಂದು ಅವರಿಗೆ ಕೇಳುವ ಧೈರ್ಯವಾಗಲಿಲ್ಲ. ಆವತ್ತಿನಿಂದ ನಾನು ಕನ್ನಡದಲ್ಲೇ ಮೆಸೇಜು ಹಾಕತೊಡಗಿದೆ, ಮತ್ತು ಹೆದರಿಸುವ ಮಾತುಗಳನ್ನು ಅವರ ಮುಂದೆ ತರುವುದನ್ನು ಬಿಟ್ಟೆ.

ಆದರೆ ಮಾತುಗಳ ಗುಣ ವಿಚಿತ್ರ. ಅಷ್ಟು ಅಳಿಸಿದ ಆ ಪದವನ್ನು ಸುಮತಿಯಕ್ಕ ಮಾತ್ರ ಮನೆಯೊಳಗೆ ಸಾಕಿಕೊಂಡರು. ಮಧ್ಯಾಹ್ನ ಯಾರಾದರೂ ಮಾಮನನ್ನು ಕೇಳಿಕೊಂಡು ಬಂದರೆ, "ಕ್ರ್ಯಾಶ್ ಆಗಿದ್ದಾರೆ, ಕೊಂಜ ಹೊತ್ತು ಕೂತಿರಿ," ಎನ್ನುತ್ತಿದ್ದರು. ಬಂದವರು ಗಾಬರಿಯಾದರೆ ಅರ್ಥ ಹೇಳುವ ಉತ್ಸಾಹವೂ ಅವರದ್ದೇ. ಅವರಿಗೆ ಅರ್ಥ ಗೊತ್ತಿದ್ದ ಇಂಗ್ಲಿಷ್ ಪಡ್ಡೆಮಾತು ಅದೊಂದೇ. "ಮಲಗಿದ್ದಾರೆ ಅಂತ. ನಮ್ಮ ವಿನುತಾ ಸೊಲ್ಲಿಕೊಟ್ಟದ್ದು." ಮಾಮ ಮೂಲೆಯ ಮಂಚದಿಂದಲೇ ಕಣ್ಣು ಮುಚ್ಚಿ, "ಸಾಕು ಮಾರಾಯ್ತಿ, ಬಿಡ್ತು ಅನ್ನು," ಎಂದು ಗೊಣಗುತ್ತಿದ್ದರು.

ಎರಡು ವರ್ಷದ ನಂತರ ಅವರಿಗೆ ಬಂದದ್ದು ಬರೀ ಜ್ವರ. ಫೈಲಿನಲ್ಲಿ ಕಂಡ ಯಾವ ಅಪಘಾತವೂ ಅವರನ್ನು ಮುಟ್ಟಲಿಲ್ಲ. ಜ್ವರ ಎದೆಗಿಳಿದು, ಉಸಿರು ಸಿಕ್ಕಿಕೊಂಡು, ಆಸ್ಪತ್ರೆಯ ತೀವ್ರ ನಿಗಾ ವಾರ್ಡಿಗೆ ಸೇರಿಸಿದೆವು. ಎರಡು ದಿನ ಅವರು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಉಸಿರಾಡಲು ಮರೆತೀತು ಎಂದು ಹೆದರಿಕೆ. ಹೊರಗೆ ಬೆಂಚಿನ ಮೇಲೆ ಸುಮತಿಯಕ್ಕನೂ ಎರಡು ದಿನ ಕಣ್ಣು ಮುಚ್ಚಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ನನ್ನನ್ನು ಒಳಗೆ ಬಿಟ್ಟರು. ಮಾಮನ ಮೂಗು, ಬಾಯಿಗೆ ಮಾಸ್ಕು. ನನ್ನ ಕೈ ಹಿಡಿದು ಎಳೆದರು, ಬಗ್ಗಿದೆ.

"ಹೆದ್ರಿಕೆ ಆಗ್ತದೆ ಮಗಾ."

ಏನೂ ಆಗುವುದಿಲ್ಲ ಮಾಮ ಅಂದೆ. ನಾನು ಬರೆದು ಕೊಡುತ್ತೇನೆ ಅಂದೆ. ಅವರು ತಲೆ ಅಲ್ಲಾಡಿಸಿದರು.

"ಸುಮತಿಗೆ ಹೇಳ್ಬೇಡ. ಅವಳನ್ನು ಹೆದರಿಸ್ಬೇಡ."

ಬದುಕಿಡೀ ಕುಕ್ಕರಿನಿಂದ ಲಿಫ್ಟಿನವರೆಗೆ ಎಲ್ಲದಕ್ಕೂ ಆಕೆಯನ್ನು ಹೆದರಿಸಿದ್ದ ಮನುಷ್ಯ ನನ್ನೊಡನೆ ಕೊನೆಗೆ ಆಡಿದ ಮಾತು ಅದು. ನರ್ಸು ಬಂದು ನನ್ನನ್ನು ಹೊರಗೆ ಕಳಿಸಿದಳು. ನಾನು ಸುಮತಿಯಕ್ಕನ ಪಕ್ಕ ಬೆಂಚಿನ ಮೇಲೆ ಕೂತೆ. ಹೇಗಿದ್ದಾರೆ ಎಂದು ಕೇಳಿದರು. ಪರವಾಗಿಲ್ಲ ಅಂದೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಒಳಗಿಂದ ಒಮ್ಮೆಲೇ ಯಂತ್ರದ ಸದ್ದು, ಓಡಾಟ. ಬಾಗಿಲು ತೆರೆದು ಒಬ್ಬ ನರ್ಸು ಹೊರಗೆ ಓಡಿದಳು, ಅವಳ ಹಿಂದೆ ಚಿಕ್ಕ ವಯಸ್ಸಿನ ಡಾಕ್ಟರನ ಕೂಗು: "ಬೇಗ! ಬೆಡ್ ಫೋರ್ ಈಸ್ ಕ್ರ್ಯಾಶಿಂಗ್!" ನಾಲ್ಕನೆಯ ಹಾಸಿಗೆ ಮಾಮನದು. ಬಾಗಿಲು ಮುಚ್ಚಿಕೊಂಡಿತು.

ಆಸ್ಪತ್ರೆಯವರ ಬಾಯಲ್ಲಿ ಆ ಪದಕ್ಕೆ ಬೇರೆಯೇ ಅರ್ಥವಿದೆ. ಆಸ್ಪತ್ರೆಯ ಕತೆಯ ಸರಣಿಯೊಂದಕ್ಕೆ ಸಬ್‌ಟೈಟಲ್ ಬರೆದವಳು ನಾನು, ನನಗೆ ಗೊತ್ತು. ಜೀವ ಕೈತಪ್ಪುತ್ತಿದೆ ಎಂದು ಎರಡು ಪದದಲ್ಲಿ ಬರೆದು ಅಲ್ಲಿ ಸಾಲು ಮುಗಿಸಿದ್ದೆ.

ಸುಮತಿಯಕ್ಕ ನನ್ನ ಕಡೆ ತಿರುಗಿದರು. ಎರಡು ದಿನಗಳಲ್ಲಿ ಮೊದಲ ಸಲ ಅವರ ಮುಖ ಸಡಿಲವಾಗಿತ್ತು.

"ಅಪ್ಪಾಡಾ! ಕೇಳಿದೆಯಾ? ಕ್ರ್ಯಾಶ್ ಆದ್ರಂತೆ. ಅಂತೂ ಒಂದಿಷ್ಟು ನಿದ್ದೆ ಬಂತಲ್ಲ ಅವರಿಗೆ."

ಅರ್ಥ ಹೇಳುವುದೇ ನನ್ನ ಕಸುಬು. ಬಾಯಿ ತೆರೆದೆ.

"ಹೌದಕ್ಕಾ," ಅಂದೆ. "ನೀವೂ ಒಂದು ಗಳಿಗೆ ಕಣ್ಣು ಮುಚ್ಚಿ."

ಅವರು ನನ್ನ ಭುಜಕ್ಕೆ ತಲೆ ಆನಿಸಿದರು. ಸ್ವಲ್ಪ ಹೊತ್ತಿಗೇ ಉಸಿರು ಸಮವಾಯಿತು. ಯಾವ ಗಳಿಗೆಯಲ್ಲಿ ಆ ಬಾಗಿಲು ತೆರೆಯುತ್ತದೋ ಎಂದು ಅದನ್ನೇ ನೋಡುತ್ತ, ಅವರಿಗೆ ಎಚ್ಚರವಾಗದಂತೆ, ನಾನು ಅಲುಗಾಡದೆ ಕೂತಿದ್ದೆ.